ಸ್ಪ್ಲಿಂಟ್ ಅಕ್ಕನ ಗಂಟೆಗಳು

ಹೋದ ವಾರ ಬ್ರಹ್ಮಾವರದ ನಮ್ಮ ಕ್ಲಿನಿಕ್ಕಿಗೆ ಹೊಸ ಮೇಣದ ಪೆಟ್ಟಿಗೆ ಬಂತು. ಬೆರಳು ಸೆಟೆದವರು ಬಿಸಿ ಮೇಣದಲ್ಲಿ ಕೈ ಅದ್ದುವ ಪೆಟ್ಟಿಗೆ. ಸ್ವಿಚ್ ಹಾಕಿ ಸ್ವಲ್ಪ ಹೊತ್ತಿಗೆ ಕರಗುವ ಮೇಣದ ವಾಸನೆ ಕೋಣೆಯೆಲ್ಲ ತುಂಬಿತು. ಎದ್ದು ಕಿಟಕಿ ತೆರೆದೆ. ತೆರೆದರೂ ಅವರು ನೆನಪಾಗಿಯೇ ಬಿಟ್ಟರು…

ಎಲ್ಲರೂ ಅವರನ್ನು ಸ್ಪ್ಲಿಂಟ್ ಅಕ್ಕ ಅಂತಲೇ ಕರೆಯುತ್ತಿದ್ದರು. ನಾನು ಮೊದಲು ಕೆಲಸಕ್ಕೆ ಸೇರಿದ ಕುಂದಾಪುರದ ಕ್ಲಿನಿಕ್ಕಿನಲ್ಲಿ, ಗಾಯದ ಕೈಗೆ ಆಸರೆಯಾಗುವ ಪ್ಲಾಸ್ಟಿಕ್ ಸ್ಪ್ಲಿಂಟುಗಳನ್ನು ಮಾಡುವವರು ಅವರು. ವಯಸ್ಸು ಐವತ್ತು ದಾಟಿತ್ತು. ದಿನಾ ಬೈಂದೂರು ಹತ್ತಿರದ ಯಡ್ತರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಡಿಗ್ರಿ ಇರಲಿಲ್ಲ. ಆಯಾ ಆಗಿ ಸೇರಿ, ಹಳೆಯ ಸರ್ಜನ್ ಒಬ್ಬರ ಪಕ್ಕ ನಿಂತು ನಿಂತು ಕಲಿತವರು. ರೋಗಿಯ ಬೆರಳನ್ನು ಮೆಲ್ಲಗೆ ಒಮ್ಮೆ ಮಡಚಿ ನೋಡಿದರೆ ಸಾಕು, ಒಳಗಿನ ಹೊಲಿಗೆ ಎಷ್ಟು ಎಳೆತ ತಡೆಯುತ್ತದೆ ಅಂತ ಅವರಿಗೆ ತಿಳಿಯುತ್ತಿತ್ತು. ನಾಲ್ಕೂವರೆ ವರ್ಷ ಫಿಸಿಯೋಥೆರಪಿ ಓದಿ ಬಂದ ನನಗೆ ಕೈಯನ್ನು ಹಿಡಿಯುವುದು ಹೇಗೆ ಅಂತ ಕಲಿಸಿದವರು ಅವರೇ.

ಕೈ ಚಿಕಿತ್ಸೆಯ ಪರಿಣತಿಗೆ ಒಂದು ಸರ್ಟಿಫಿಕೇಟ್ ಪರೀಕ್ಷೆ ಇದೆ. ಅದಕ್ಕೆ ಕೂರಬೇಕಾದರೆ ಸಾವಿರಾರು ಗಂಟೆ ಸ್ವತಃ ಕೈಯ ರೋಗಿಗಳನ್ನು ನೋಡಿರಬೇಕು. ನನಗೆ ಗಂಟೆ ಸಾಲುತ್ತಿರಲಿಲ್ಲ. "ಅಕ್ಕ ಮಾಡಿದ್ದನ್ನೂ ನಿಮ್ಮ ಹೆಸರಿಗೇ ಬರೆಯಿರಿ. ಅವರಿಗೇನು ಪರೀಕ್ಷೆಯೇ?" ಅಂದರು ನಮ್ಮ ಡಾಕ್ಟರು. ಬರೆದೆ. ಒಮ್ಮೆ ಬರೆದ ಮೇಲೆ ನಿಲ್ಲಿಸುವುದು ಹೇಗೆ? ನಿಲ್ಲಿಸಿದರೆ ಹಿಂದಿನದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡ ಹಾಗೆ. ಅಕ್ಕನಿಗೆ ಗೊತ್ತಿತ್ತು. ಅವರು ಏನೂ ಅನ್ನದಿದ್ದದ್ದೇ ನನ್ನನ್ನು ಇನ್ನಷ್ಟು ಬಿಗಿಯಿತು.

ಆ ವರ್ಷ ಹೆಮ್ಮಾಡಿ ಕಡೆಯ ಒಬ್ಬ ಬೋಟಿನವರು ಬಂದರು. ಪ್ರೊಪೆಲ್ಲರಿಗೆ ಸುತ್ತಿದ ಬಲೆ ಕತ್ತರಿಸುವಾಗ ಚೂರಿ ಜಾರಿ, ಎರಡು ಬೆರಳುಗಳನ್ನು ಮಡಚುವ ಸ್ನಾಯುರಜ್ಜುಗಳು ತುಂಡಾಗಿದ್ದವು. ಆಪರೇಷನ್ ಆಗಿ ನಾಲ್ಕು ವಾರ. ನನ್ನ ಫೈಲಿನಲ್ಲಿ ಅವರ ಹಿಡಿತದ ಬಲ ಬರೆಯುವ ಜಾಗ ಖಾಲಿ ಇತ್ತು. ಬಲ ಅಳೆಯುವ ಉಪಕರಣವನ್ನು ಅವರ ಕೈಗೆ ಕೊಟ್ಟೆ.

ಮೂಲೆಯಿಂದ ಅಕ್ಕ ಅಂದರು: "ಮೇಡಂ, ನಾಲ್ಕೇ ವಾರ ಆದ್ದ್. ಈಗ್ಲೇ ಹಿಡ್ಸೂಕಾಗ."

ರೋಗಿಯ ಎದುರು ಹಾಗಂದದ್ದು ನನಗೆ ಚುಚ್ಚಿತು. "ನನಗೆ ಗೊತ್ತಿದೆ ಅಕ್ಕ," ಅಂದು, "ಜೋರಾಗಿ ಒತ್ತಿ," ಅಂತ ಬೋಟಿನವರಿಗೆ ಹೇಳಿದೆ.

ಒತ್ತಿದರು. ಅವರ ಮುಖ ಬಿಳಚಿಕೊಂಡಿತು. ಉಂಗುರದ ಬೆರಳು ಮತ್ತೆ ಮಡಚಲಿಲ್ಲ… ಒಳಗಿನ ಹೊಲಿಗೆ ಹರಿದಿತ್ತು.

ಡಾಕ್ಟರು ಬಂದಾಗ ಅಕ್ಕ ಆ ರೋಗಿಗೆ ಸ್ಪ್ಲಿಂಟ್ ಕಟ್ಟುತ್ತಿದ್ದರು. ಡಾಕ್ಟರು ಯಾರನ್ನೂ ಕೇಳಲಿಲ್ಲ. "ಓದಿಲ್ಲದವರ ಕೈಗೆ ಕೊಟ್ಟದ್ದೇ ನನ್ನ ತಪ್ಪು," ಅಂದರು. ಅಕ್ಕ ನನ್ನ ಮುಖ ನೋಡಿದರು. ಒಂದು ಕ್ಷಣ ಅಷ್ಟೇ. ನಿಜ ಹೇಳಿದರೆ ಈ ರೋಗಿಯ ವಿಷಯದಿಂದ ಶುರುವಾಗಿ ಆ ಗಂಟೆಗಳವರೆಗೆ ಎಲ್ಲವೂ ಬಿಚ್ಚಿಕೊಳ್ಳುತ್ತಿತ್ತು. ನಾನು ತಿರುಗಿ ಆ ಉಪಕರಣವನ್ನು ಕಪಾಟಿನಲ್ಲಿಟ್ಟೆ.

ಮರುದಿನದಿಂದ ಅಕ್ಕ ರೋಗಿಗಳನ್ನು ಮುಟ್ಟುವಂತಿರಲಿಲ್ಲ. ನೀರು ಕಾಯಿಸುವುದು, ಮೇಣ ಸೋಸುವುದು, ನೆಲ ಒರೆಸುವುದು. ಅದೇ ಚಿಕ್ಕ ಕೋಣೆಯಲ್ಲಿ ನಾವಿಬ್ಬರೂ ಇನ್ನೂ ಏಳು ತಿಂಗಳು ಇದ್ದೆವು. ನಾನು ರೋಗಿಯ ಕೈ ಹಿಡಿದಾಗ ಅವರು ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದರು. ನನ್ನ ಹೆಬ್ಬೆರಳು ತಪ್ಪು ಜಾಗದಲ್ಲಿದ್ದರೆ ಮೆಲ್ಲಗೆ ಕೆಮ್ಮುತ್ತಿದ್ದರು. ನಾನು ಸರಿಸುತ್ತಿದ್ದೆ. ಕೆಲಸ ಬಿಡೋಣವೆಂದರೆ ಪರೀಕ್ಷೆಯ ಕಾಗದಕ್ಕೆ ಸಹಿ ಹಾಕಬೇಕಾದವರು ಅದೇ ಡಾಕ್ಟರು. ದಿನಾ ಸಂಜೆ ಇವತ್ತು ಹೇಳಿಬಿಡಬೇಕು ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರು, "ಬತ್ತೆ ಮೇಡಂ, ಬಸ್ಸಿಗ್ ಹೊತ್ತಾಯ್ತ್," ಅಂತ ಹೊರಟುಬಿಡುತ್ತಿದ್ದರು.

ಪಾಸಾದೆ. ಡಾಕ್ಟರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಅಕ್ಕ ಸೆರಗಿನಿಂದ ಅದರ ಗಾಜು ಒರೆಸಿ, "ಚಂದ ಇತ್ತ್ ಮಗಾ," ಅಂದರು. ಆ ತಿಂಗಳೇ ಕೆಲಸ ಬಿಟ್ಟರು. ಆಮೇಲೆ ನಾನೂ ಬ್ರಹ್ಮಾವರಕ್ಕೆ ಬಂದೆ. ಬೈಂದೂರಿಗೆ ಹೋದಾಗಲೆಲ್ಲ ಅವರ ಮನೆಯ ದಾರಿ ಕೇಳಬೇಕೆಂದುಕೊಂಡು ಕೇಳದೇ ತಿರುಗಿ ಬಂದೆ. ಎರಡು ವರ್ಷದ ಹಿಂದೆ, ಹೃದಯ ನಿಂತು ತೀರಿಹೋದರು ಅಂತ ಗೊತ್ತಾಯಿತು.

ಮೊನ್ನೆ ಆ ಬೋಟಿನವರು ತಮ್ಮ ತಾಯಿಯ ಸೆಟೆದ ಕೈ ತೋರಿಸಲು ಬಂದಿದ್ದರು. ಎರಡನೇ ಆಪರೇಷನ್ ಆದರೂ ಅವರ ಆ ಬೆರಳು ಅರ್ಧವೇ ಮಡಚುತ್ತದೆ. ನನ್ನನ್ನು ಗುರುತು ಹಿಡಿದರು. ಅಕ್ಕ ತೀರಿಹೋದದ್ದನ್ನು ಹೇಳಿದೆ. ಅವರು ಆ ಬೆರಳನ್ನು ಸವರಿಕೊಳ್ಳುತ್ತಾ ಅಂದರು:

"ಅವತ್ತ್ ನಾ ಡಾಕ್ಟ್ರಿಗೆ ಹೇಳುಕಂತ ಬಾಯಿ ತೆಗ್ದಿದ್ದೆ ಮೇಡಂ. ಅಕ್ಕ ನನ್ನ ಹೆಗ್ಲ್ ಒತ್ತಿ, 'ಸುಮ್ಮನಿರ್ ಮಗಾ, ಆ ಹೆಣ್ಣಿನ್ ಪರೀಕ್ಷೆ ಹಾಳಾತ್ತ್' ಅಂದ್ರ್."

ಅವರ ತಾಯಿಯ ಕೈ ನನ್ನ ಕೈಯಲ್ಲಿತ್ತು. ಬಿಟ್ಟು ಎದ್ದು ಹೋಗುವ ಹಾಗೂ ಇರಲಿಲ್ಲ…

ಮಧ್ಯಾಹ್ನ ಕುಂದಾಪುರದ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. "ಈಗ ಯಾಕೆ ಅದೆಲ್ಲ? ಅವರೇ ಇಲ್ಲವಲ್ಲ," ಅಂದು ಫೋನ್ ಇಟ್ಟುಬಿಟ್ಟರು.

ಹೌದು, ಅವರಿಲ್ಲ. ಏಳು ತಿಂಗಳು ನನ್ನ ಪಕ್ಕದಲ್ಲೇ ಇದ್ದರು. ಆಗ ಹೇಳಬಹುದಿತ್ತು.