ಶಾಮಲಮ್ಮ ಬಿಚ್ಚಿದ ಫೋನು

ಯಲ್ದೂರಿನ ಆ ಮನೆಯಲ್ಲಿ ದೇವರ ಕೋಣೆಗಿಂತ ಹುಳಮನೆಗೇ ಮಡಿ ಜಾಸ್ತಿ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬಕೆಟ್ಟು. ಅದರಲ್ಲಿ ಕೈಕಾಲು ತೊಳೆಯದೆ ಯಾರೂ ರೇಷ್ಮೆಹುಳದ ಹತ್ತಿರ ಹೋಗುವಂತಿಲ್ಲ. ಕತ್ತಿ, ಬುಟ್ಟಿ, ತಟ್ಟೆ, ಹೊರಗಿನಿಂದ ಬಂದದ್ದು ಏನೇ ಇರಲಿ, ಮುಳುಗಿ ಎದ್ದೇ ಒಳಗೆ. ಮೂವತ್ತೆರಡು ವರ್ಷ ಹುಳ ಸಾಕಿದ ಶಾಮಲಮ್ಮನ ಕೈಗೆ ಇದು ಎಷ್ಟು ಒಗ್ಗಿಹೋಗಿತ್ತೆಂದರೆ, ಆ ಬುಧವಾರ ಹಳದಿಗಟ್ಟಿದ ನಾಲ್ಕು ಹುಳಕ್ಕೆ ಏನು ರೋಗವೆಂದು ಕೇಳಲು ಫೋಟೊ ತೆಗೆಯುವುದಕ್ಕೆ ಸೊಸೆಯ ಫೋನು ಈಸಿಕೊಂಡು ಹೋದವರು, ಬಾಗಿಲಲ್ಲಿ ಅದನ್ನೂ ಬಕೆಟ್ಟಿಗೆ ಅದ್ದಿ, ಎರಡು ಸಲ ಜಾಲಾಡಿ, ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದರು.

ಮಗುವನ್ನು ಸೊಂಟದಲ್ಲಿಟ್ಟುಕೊಂಡು ಅಂಗಳದಲ್ಲಿ ನಿಂತಿದ್ದ ಸೊಸೆ ಶಿವಾನಿ ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು.

ಫೋನು ಹೋದರೆ ಹೋಗಲಿ ಎನ್ನಬಹುದಿತ್ತು. ಅದರೊಳಗೆ ನಲವತ್ತು ಸೆಕೆಂಡಿನ ಒಂದು ವಿಡಿಯೊ ಇತ್ತು. ಹದಿನಾಲ್ಕು ತಿಂಗಳ ಮೇಘನ ಜೋರಾಗಿ ಅತ್ತರೆ ಕೆಲವು ಸಲ ಉಸಿರು ಕಟ್ಟಿ, ತುಟಿ ನೀಲಿಯಾಗಿ, ಬಟ್ಟೆಯ ಬೊಂಬೆಯಂತೆ ಜೋತುಬೀಳುತ್ತಿದ್ದಳು. ಕೋಲಾರದ ಮಕ್ಕಳ ಡಾಕ್ಟರು, ಮುಂದಿನ ಸಲ ಹೀಗಾದಾಗ ವಿಡಿಯೊ ಮಾಡಿ ತನ್ನಿ, ಕಣ್ಣಾರೆ ನೋಡದೆ ಇದು ಮೂರ್ಛೆರೋಗವೋ ಅಲ್ಲವೋ ಹೇಳುವುದು ಕಷ್ಟ ಎಂದಿದ್ದರು. ಒಂದೂವರೆ ತಿಂಗಳು ಕಾದ ಮೇಲೆ ಕಳೆದ ಸೋಮವಾರ ಮತ್ತೆ ಹಾಗಾಗಿತ್ತು. ಒಂದು ಕೈಯಲ್ಲಿ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿಕೊಂಡು, ಇನ್ನೊಂದು ಕೈಯಲ್ಲಿ ಶಿವಾನಿ ಆ ವಿಡಿಯೊ ಹಿಡಿದಿದ್ದಳು. ಶುಕ್ರವಾರ ಡಾಕ್ಟರನ್ನು ಕಾಣಬೇಕಿತ್ತು. ಗಂಡ ಕದಿರೇಶನಿಗೂ ಅದನ್ನು ಕಳಿಸಿರಲಿಲ್ಲ. ಅವನು ಅಕ್ಕನಿಗೆ ಕಳಿಸುತ್ತಾನೆ, ಅಕ್ಕ ನೆಂಟರ ಗುಂಪಿಗೆ ಹಾಕುತ್ತಾಳೆ, ಸಂಜೆಯೊಳಗೆ ಅರ್ಧ ಶ್ರೀನಿವಾಸಪುರ ತಾಲ್ಲೂಕಿಗೆ ಮಗುವಿಗೆ ಫಿಟ್ಸು ಅಂತ ಗೊತ್ತಾಗುತ್ತದೆ ಎಂಬ ಭಯ ಅವಳಿಗೆ.

ಆ ಫೋನಿನ ಬೆಲೆಯೇ ಮನೆಯಲ್ಲಿ ಹಳೆಯ ಜಗಳ. ಬೆಂಗಳೂರಿನಲ್ಲಿ ಓದಿ ಎರಡು ವರ್ಷ ಕೆಲಸ ಮಾಡಿದ್ದ ಶಿವಾನಿ ತನ್ನ ಉಳಿತಾಯದಲ್ಲಿ ಅದನ್ನು ಹೊರದೇಶದಿಂದ ತರಿಸಿದ್ದಳು. ಮಾಡಿದವರಿಗೆ ಸರಿಯಾದ ಕೂಲಿ, ಒಳಗಿನ ಲೋಹ ಯಾವ ಗಣಿಯದೆಂಬ ಲೆಕ್ಕ, ಕೆಟ್ಟರೆ ಮನೆಯಲ್ಲೇ ಬಿಚ್ಚಬಹುದಾದ ಮೈ, ಬಿಡಿಭಾಗ ಬೇಕೆಂದರೆ ಒಂದೊಂದೇ ಸಿಗುತ್ತದೆ, ಇವಿಷ್ಟು ಅದರ ಹೆಚ್ಚುಗಾರಿಕೆ. ಕ್ಯಾಮೆರಾ ಸಾಧಾರಣ.

"ಅದೇ ದುಡ್ಡಿಗೆ ಎರಡು ಫೋನ್ ಬರ್ತಿತ್ತಲ್ಲೇ," ಎಂದಿದ್ದ ಕದಿರೇಶ. "ಒಂದು ಕೆಟ್ರೆ ಇನ್ನೊಂದು."

ಫೋನು ಮನೆಗೆ ಬಂದ ಆ ದಿನ ನಗದೆ ಇದ್ದವರು ಶಾಮಲಮ್ಮ ಒಬ್ಬರೇ. ಅವರು ಕೇಳಿದ್ದು ಬೇರೆಯದನ್ನು. "ಇದ್ರೊಳಗೆ ಚಿನ್ನ ಐತಾ?"

ಸಾಸಿವೆಯಷ್ಟೂ ಇಲ್ಲ, ಆದರೆ ಇದೆ ಎಂದಳು ಶಿವಾನಿ.

"ಅಗೆದೋರ್ಗೆ ಕೂಲಿ ಸರಿಯಾಗಿ ಕೊಟ್ರಂತಾ?"

"ಕೊಡ್ತೀವಿ ಅಂತ ಬರೆದಿದಾರೆ ಅತ್ತೆ."

"ಬರೆಯೋದು ಎಲ್ರೂ ಬರೀತಾರೆ," ಎಂದು ಅವರು ಎದ್ದುಹೋಗಿದ್ದರು. ಬೇತಮಂಗಲದ ಕಡೆಯ ಹೆಣ್ಣು ಅವರು. ಅಪ್ಪ ಇಪ್ಪತ್ತೆರಡು ವರ್ಷ ಚಿನ್ನದ ಗಣಿಯ ಆಳದಲ್ಲಿ ಬಂಡೆ ಕೊರೆದು, ಕಲ್ಲಿನ ಧೂಳು ಎದೆಗಿಳಿಸಿಕೊಂಡು, ಮಗಳಿಗೆ ಹದಿನೈದಾಗುವಾಗ ಕೆಮ್ಮುತ್ತಲೇ ಹೋದವರು. ಭಾನುವಾರ ಬಂತೆಂದರೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಗಣಿದೀಪ ಬಿಚ್ಚಿ, ಸೂಜಿಯಲ್ಲಿ ಮಸಿ ತೆಗೆದು, ಮತ್ತೆ ಜೋಡಿಸುತ್ತಿದ್ದರಂತೆ. ಅಲ್ಲಿ ಕಲಿತ ಕೈ ಯಲ್ದೂರಿಗೆ ಬಂದ ಮೇಲೂ ಸುಮ್ಮನಿರಲಿಲ್ಲ. ಔಷಧಿ ಹೊಡೆಯುವ ಪಂಪು, ಮಿಕ್ಸಿ, ಬೋರ್‌ವೆಲ್ಲಿನ ಸ್ಟಾರ್ಟರು, ಎಲ್ಲವನ್ನೂ ಬಿಚ್ಚಿತ್ತು. ಎಲೆಯಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಕನ್ನಡಕದ ಪುಟ್ಟ ಸ್ಕ್ರೂಡ್ರೈವರು ಯಾವಾಗಲೂ ಇರುತ್ತಿತ್ತು.

ಹುಳಮನೆಯಿಂದ ಹೊರಬಂದವರು ಕಪ್ಪಾದ ಪರದೆಯನ್ನೂ ಸೊಸೆಯ ಮುಖವನ್ನೂ ನೋಡಿದರು. ತಪ್ಪಾಯಿತು ಎನ್ನುವುದರಲ್ಲಿ ಹೊತ್ತು ಕಳೆಯಲಿಲ್ಲ.

"ಇದ್ರ ಬೆನ್ನು ಬಿಚ್ಚುತ್ತೆ ಅಂದಿದ್ದೆ ತಾನೆ? ಬಿಚ್ಚು. ಮೊದ್ಲು ಬ್ಯಾಟ್ರಿ ತೆಗಿ."

ಶಿವಾನಿಯ ಉಗುರಿಗೆ ಮುಚ್ಚಳದ ಸಂದು ಸಿಗಲೇ ಇಲ್ಲ. ಶಾಮಲಮ್ಮ "ಏಂ ಕಾದು ಲೇಮ್ಮಾ" ಎಂದು ತವರಿನ ತೆಲುಗಿನಲ್ಲಿ, ಏನೂ ಆಗಲ್ಲ ಬಿಡು ಅಂತ ಸಮಾಧಾನ ಹೇಳಿ, ಮಗುವನ್ನು ತಮ್ಮ ಗಂಡ ಕದಿರಪ್ಪನ ಕೈಗೆ ದಾಟಿಸಿ, ತಾವೇ ಬೆನ್ನು ಎಬ್ಬಿಸಿ ಬ್ಯಾಟರಿ ಎತ್ತಿದರು. ಕದಿರೇಶನ ಹಿಂದಿನ ಫೋನಿನ ಬ್ಯಾಟರಿ ಉಬ್ಬಿದಾಗ ಶ್ರೀನಿವಾಸಪುರದ ಫೋನ್ ರಿಪೇರಿ ಅಂಗಡಿಯ ಮುನೇಶ್ ಅಂಟು ಬಿಡಿಸಲು ಬಿಸಿ ಕೊಟ್ಟು, ಪರದೆ ಒಡೆದು, ಅದು ಈಗಲೂ ಬೀರುವಿನಲ್ಲಿ ಬಿದ್ದಿದೆ. ಇಲ್ಲಿ ಬೇಕಾದದ್ದು ಒಂದು ಉಗುರು.

ರೊಟ್ಟಿಗೆ ಕಲಸಿಟ್ಟಿದ್ದ ರಾಗಿ ಹಿಟ್ಟಿನ ಒಂದು ಉಂಡೆಯನ್ನು ಅಗಲಕ್ಕೆ ತಟ್ಟಿ ಪಕ್ಕದಲ್ಲಿಟ್ಟುಕೊಂಡರು. ಫೋನಿನ ಯಾವ ಮೂಲೆಯ ಸ್ಕ್ರೂ ಬಂದರೆ ಹಿಟ್ಟಿನ ಆ ಮೂಲೆಗೇ ಒತ್ತುವುದು, ಉರುಳಿಹೋಗದ ಹಾಗೆ, ಜಾಗ ಮರೆಯದ ಹಾಗೆ. ಪಂಪು ಬಿಚ್ಚುವಾಗಲೂ ಅವರದು ಇದೇ ಕ್ರಮ. ಮಗುವಿನ ಔಷಧಿ ಡಬ್ಬಿಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಶಿವಾನಿ ಕೊಟ್ಟಳು, ಅವರು ಒರೆಸಿದರು. ಚಾರ್ಜಿನ ಬಾಯಿಗೆ ಆಗಲೇ ಬೆಳ್ಳನೆಯ ಪೊರೆ ಹಿಡಿಯತೊಡಗಿತ್ತು.

ಸಂಜೆ ಕೋಲಾರದ ಕೆಲಸದಿಂದ ಬಂದ ಕದಿರೇಶ, ತನ್ನ ಫೋನಾಗಿದ್ದರೆ ನೀರು ಒಳಗೇ ಇಳಿಯುತ್ತಿರಲಿಲ್ಲ ಎಂದ. ಅದು ನಿಜವೇ. ಗುರುವಾರ ಇಡೀ ದಿನ ಬಿಡಿಭಾಗಗಳು ಒಲೆಯ ಮೇಲಿನ ಗೂಡಿನಲ್ಲಿ ಬೆಚ್ಚಗೆ ಒಣಗಿದವು. ಶಿವಾನಿ ಹತ್ತು ಸಲ ಹೋಗಿ ಇಣುಕಿದಳು. ಡಾಕ್ಟರಿಗೆ ಏನು ಹೇಳುವುದು? ಸುಮ್ಮಸುಮ್ಮನೆ ಮಾತ್ರೆ ಶುರು ಮಾಡಿಬಿಟ್ಟರೆ? ಇನ್ನೊಂದು ಸಲ ಮಗು ನೀಲಿಯಾಗಲಿ ಎಂದು ಯಾವ ತಾಯಿ ಕಾಯುತ್ತಾಳೆ?

ಸಂಜೆ ಜೋಡಿಸಿದರು. ಒತ್ತಿದರೆ ಏನೂ ಇಲ್ಲ. ಶಾಮಲಮ್ಮ ಮತ್ತೆ ಬೆನ್ನು ತೆಗೆದು, ಬ್ಯಾಟರಿಯ ಹಲ್ಲುಗಳನ್ನು ಇನ್ನೊಮ್ಮೆ ಒರೆಸಿ ಕೂರಿಸಿದರು. ಈ ಸಲ ಪರದೆ ಬೆಳಗಿತು. ಚಾರ್ಜ್ ಮೂವತ್ತೊಂದು. ವಿಡಿಯೊ ಇತ್ತು.

ಶಿವಾನಿ ಅದನ್ನು ಮೊದಲು ಕಳಿಸಿದ್ದು ಕದಿರೇಶನಿಗೆ. ಅಕ್ಕನಿಗೆ ಕಳಿಸಬೇಡ ಎಂದು ಹೇಳಬೇಕಾಗಿಯೇ ಬರಲಿಲ್ಲ. ಮಗು ಜೋತುಬಿದ್ದಾಗಲೆಲ್ಲ ಕೆಲಸದಲ್ಲಿರುತ್ತಿದ್ದ ಅವನು ಇದನ್ನು ಕಂಡದ್ದು ಅದೇ ಮೊದಲು. ನೋಡಿ ಮುಗಿಸಿ, ಅಜ್ಜನ ತೊಡೆಯಿಂದ ಮೇಘನಳನ್ನು ಎತ್ತಿಕೊಂಡು ಅಂಗಳಕ್ಕೆ ಹೋಗಿಬಿಟ್ಟ.

ಶುಕ್ರವಾರ ಡಾಕ್ಟರು ವಿಡಿಯೊವನ್ನು ಮೂರು ಸಲ ನೋಡಿದರು. ಪರೀಕ್ಷಿಸಿ, ರಕ್ತ ತೆಗೆಸಿ, ಇದು ಮೂರ್ಛೆರೋಗವಲ್ಲ, ಅಳುವಾಗ ಉಸಿರು ಹಿಡಿಯುವ ಮಕ್ಕಳಿದ್ದಾರೆ, ಇವಳಿಗೆ ಕಬ್ಬಿಣದ ಅಂಶವೂ ಕಡಿಮೆ, ಟಾನಿಕ್ ಕೊಡಿ, ಮಗು ಬೆಳೆದಂತೆ ತಾನಾಗಿ ಹೋಗುತ್ತದೆ ಎಂದರು. ಶಿವಾನಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಕದಿರೇಶನ ಫೋನಿನಿಂದಲೇ ಅತ್ತೆಗೆ ಹೇಳಿದಳು. ಆ ಕಡೆ ಮೂಗು ಸೊರ್ರೆಂದು ಎಳೆದುಕೊಂಡ ಸದ್ದು ಬಂತು.

"ಸರಿ ಬಿಡು. ಹುಳಕ್ಕೆ ಎಲೆ ಹಾಕ್ಬೇಕು, ಬೇಗ ಬಾ."

ಪೊರೆ ಹಿಡಿದು ಕೆಟ್ಟಿದ್ದ ಚಾರ್ಜಿನ ಭಾಗದ ಬದಲಿಗೆ ಹೊಸದು ಹೊರದೇಶದಿಂದ ಬರಲು ಹನ್ನೆರಡು ದಿನ ಹಿಡಿಯಿತು. ಅಷ್ಟು ದಿನ ಫೋನು ಚಾರ್ಜ್ ಏರದೆ ಸತ್ತಂತೆಯೇ ಬಿದ್ದಿತ್ತು, ಅದನ್ನೂ ಹೇಳಬೇಕು. ಬಂದ ದಿನ ಮುನೇಶ್ ನೋಡಲೆಂದೇ ಅಂಗಡಿ ಮುಚ್ಚಿ ಬಂದ. ಶಾಮಲಮ್ಮ ಚಾಪೆಯ ಮೇಲೆ ಕೂತು ಒಂದೇ ಸ್ಕ್ರೂಡ್ರೈವರಿನಲ್ಲಿ ಅದನ್ನು ಹಾಕಿದರು. ಇದಕ್ಕೆ ಅಷ್ಟು ಬೆಲೆ ಕೊಡಬಹುದಾ ಅಕ್ಕ ಎಂದು ಅವನು ಶಿವಾನಿಯನ್ನು ಕೇಳಿದ್ದಕ್ಕೆ ಅತ್ತೆಯೇ ಉತ್ತರ ಕೊಟ್ಟರು.

"ಬಿಚ್ಚೋಕೆ ಬರ್ದೆ ಇರೋ ಸಾಮಾನು ಕೊಂಡೋನ್ದಲ್ಲ ಕಣೋ, ಮಾರ್ದೋನ್ದೇ." ಆಮೇಲೆ ದನಿ ತಗ್ಗಿಸಿ, "ಅಗೆದೋನ್ದು ಏನಾಯ್ತೋ, ಅದು ಮಾತ್ರ ನಂಗೆ ಕಾಣಲ್ಲ," ಎಂದರು.

ಶಿವಾನಿಗೂ ಕಾಣುವುದಿಲ್ಲ. ಕಂಪನಿಯ ಮಾತನ್ನು ನಂಬಿದ್ದಾಳೆ, ಅಷ್ಟೇ. ಅತ್ತೆಯ ಈ ಕೈ ಮಾತ್ರ ಅವಳಿಗೆ ಕಂಡಿದೆ.

ಈಗ ಹುಳಮನೆಯ ಬಾಗಿಲ ಮೊಳೆಗೆ ಒಂದು ಪ್ಲಾಸ್ಟಿಕ್ ಕವರು ನೇತಾಡುತ್ತಿದೆ. ಶಾಮಲಮ್ಮ ಸೊಸೆಯ ಫೋನನ್ನು ಅದರಲ್ಲಿಟ್ಟು, ಬಾಯಿಗೆ ಎರಡು ಗಂಟು ಹಾಕಿ, ಎಂದಿನಂತೆ ಬಕೆಟ್ಟಿಗೆ ಅದ್ದಿಯೇ ಒಳಗೆ ಒಯ್ಯುತ್ತಾರೆ. ಅಂಗಳದಲ್ಲಿ ನಿಂತ ಶಿವಾನಿ ಪ್ರತಿಸಲವೂ ಆ ಗಂಟು ಸಡಿಲವಾಯಿತೇನೋ ಎಂದು ಕತ್ತು ಚಾಚಿ ನೋಡುತ್ತಾಳೆ. ಆದರೂ ಕೇಳಿದಾಗಲೆಲ್ಲ ಕೊಡುತ್ತಾಳೆ.