ಹೊಳೆಯಾಚೆಯ ರಂಗೋಲಿ

ಆ ದಿನವೂ ಎದ್ದವಳೇ ಎರಡು ಬಾಗಿಲಿಗೆ ನೀರು ಹಾಕಿದೆ. ಒಂದು ನಮ್ಮದು, ಇನ್ನೊಂದು ಪಕ್ಕದ ನೀಲವ್ವನದು. ಅವಳ ಅಂಗಳ ಸಾರಿಸಿ ರಂಗೋಲಿಯನ್ನೂ ಬಿಡಿಸಿದೆ. ಕಾನ್ವೆಂಟಿನಲ್ಲಿ ಬೆಳೆದ ನನಗೆ ಸಿಸ್ಟರುಗಳು ಕಸೂತಿ ಕಲಿಸಿದ್ದರು, ಚುಕ್ಕಿಗೆ ಚುಕ್ಕಿ ಕೂಡಿಸುವುದನ್ನಲ್ಲ. ವರ್ಷವಾಗುತ್ತ ಬಂದರೂ ಕಮಲದ ಒಂದು ಎಸಳು ಸೊಟ್ಟಗೇ ಬರುತ್ತಿತ್ತು.

ಕೋವಿ ಹಿಡಿದವರು ಊರೂರಿಗೆ ಬರುತ್ತಿದ್ದಾರೆಂಬ ಸುದ್ದಿ ಹಬ್ಬಿದಾಗ ನೀಲವ್ವ ಕೀಲಿಯನ್ನು ನನ್ನ ಕೈಗಿಟ್ಟು, ಗಂಡ ಮತ್ತು ಮಗಳೊಡನೆ ಭೀಮೆ ದಾಟಿ ಮುಂಬಯಿ ಸರಕಾರದ ಸೀಮೆಯಲ್ಲಿನ ಶಿಬಿರಕ್ಕೆ ಹೋಗಿದ್ದಳು. ಅಂಗಳ ಬರಿದಾಗಿ ಕಂಡರೆ ಮನೆಗೆ ಯಾರಾದರೂ ಹೊಕ್ಕಾರು ಎಂದು ಹೇಳಿದವಳು ಎದುರುಮನೆಯ ಖೈರುನ್‌ಬಿ. ಅಂದಿನಿಂದ ರಂಗೋಲಿ ನನ್ನ ಪಾಲಿಗೆ, ಸಂಜೆಯ ಕಸ ಅವಳ ಪಾಲಿಗೆ. ನಲವತ್ತೆಂಟರ ಮಳೆಗಾಲದ ಕೊನೆಗೆ ಸೈನ್ಯ ಬಂದು ರಾಜ್ಯ ಬದಲಾಯಿತು. ಆಳಂದದವರು, ಜೇವರ್ಗಿಯವರು, ನಮ್ಮ ಅಫಜಲಪುರದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ನೀಲವ್ವ ಬರಲಿಲ್ಲ. ಕೋವಿ ಹಿಡಿದವರ ಮೇಲಿನ ಸಿಟ್ಟು ತನ್ನ ಜನರ ಮೇಲೆ ತಿರುಗೀತೆಂಬ ಭಯಕ್ಕೆ ಈಗ ಖೈರುನ್‌ಬಿಯ ಬಾಗಿಲು ಹಗಲಲ್ಲೇ ಅಗಳಿ ಹಾಕಿರುತ್ತಿತ್ತು. ನೀಲವ್ವ ಬಂದರೆ ಆ ಬಾಗಿಲೂ ತೆರೆದೀತು ಎಂಬ ಆಸೆಯಿಂದ ಅವಳನ್ನು ಕರೆತರಲು ಹೊರಟೆ.

ಗಾಡಿಯಲ್ಲಿ ಎರಡು ಹರದಾರಿ. ಚಳಿಗಾಲವಾದರೂ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು. ಜೋಳದ ಹೊಲಗಳಲ್ಲಿ ಅಲ್ಲಲ್ಲಿ ಕಾಯುವವರಿಲ್ಲದ ಅಟ್ಟಗಳು. ಹೊಳೆದಂಡೆಯಲ್ಲಿ ಕೂತು ಒಣ ಕಟಕರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ತಿಂದೆ. ದೋಣಿಯವನು ನಮ್ಮ ಸೀಮೆಯ ನಾಣ್ಯವಾದ ಹಾಲಿ ಸಿಕ್ಕಾ ಒಲ್ಲೆನೆಂದ. ಆಚೆ ಅದು ನಡೆಯದಂತೆ. ಸೆರಗಿನ ಗಂಟು ಬಿಚ್ಚಿ ಆಚೆ ನಡೆಯುವ ಕಲ್ದಾರದ ಎರಡಾಣೆ ಕೊಟ್ಟೆ. ದೇವಮಾತೆ ಮರಿಯಮ್ಮನವರೂ ಕೂಸನ್ನೆತ್ತಿಕೊಂಡು ಪರದೇಶಕ್ಕೆ ಓಡಿದವರು, ಆಮೇಲೆ ಊರಿಗೆ ಮರಳಿದವರು. ಅದನ್ನೇ ನೆನೆಯುತ್ತ ಜಪಮಾಲೆಯ ಮಣಿ ಸರಿಸುತ್ತ ದಾಟಿದೆ.

ಶಿಬಿರದಲ್ಲಿ ಅರ್ಧ ತಂಬುಗಳು ಎದ್ದುಹೋಗಿದ್ದವು. ಉಳಿದ ತಂಬುಗಳ ಮುಂದೆ ಒಂದು ಎಳೆ ರಂಗೋಲಿಯೂ ಇರಲಿಲ್ಲ. ಇದೇನು ಮನೆಯೇ, ಯಾರಿಗೆಂದು ಹಾಕಬೇಕು ಎಂದಳು ದಾರಿ ತೋರಿಸಿದ ಮುದುಕಿ. ನೀಲವ್ವ ಅಲ್ಲಿರಲಿಲ್ಲ. ಹಿಂದಿನ ದಿಬ್ಬದ ಮೇಲೆ ಹೊಸ ಗುಡಿಸಲು, ಅದರ ಮುಂದೆ ಎಂಟೆಸಳಿನ ಕಮಲ. ಒಂದೆಸಳೂ ಸೊಟ್ಟವಿಲ್ಲ. ಒಳಗಿನಿಂದ ಅವಳ ಗಂಡನ ಮಗ್ಗದ ಸಪ್ಪಳ ಕೇಳುತ್ತಿತ್ತು. ಎಸಳು ತುಳಿಯದಂತೆ ಸುತ್ತಿ ಬಾಗಿಲಿಗೆ ಹೋದೆ.

ನೀಲವ್ವ ನೀರು ಕೊಟ್ಟು, ಕೈ ಹಿಡಿದು ಕೂರಿಸಿದಳು. ನಾನು ಅವಳ ಬಾಗಿಲಿಗೆ ರಂಗೋಲಿ ಹಾಕುವ ಸಂಗತಿ ಕೇಳಿ ನಕ್ಕೇ ನಕ್ಕಳು.

"ನನ್ನ ಬಾಗಿಲದಾಗ ಶಿಲುಬಿ ಬರದಿಟ್ಟೀರೇನ್ರಿ ಅಕ್ಕಾರ?"

"ಖೈರುನ್‌ಬಿ ನಿಂತು ತಿದ್ದಸ್ತಾಳವ್ವ."

ಆ ಹೆಸರಿಗೆ ಅವಳ ನಗು ನಿಂತಿತು. ಆಕೆ ಹೇಗಿದ್ದಾಳೆಂದು ಮೆಲ್ಲಗೆ ಕೇಳಿದಳು. ಅಗಳಿಯ ಸಂಗತಿ ಹೇಳಿದೆ. ನಾನು ಕೀಲಿ ತೆಗೆದು ಅವಳ ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಹುಡುಗಿ ಈಗೀಗ ನಿದ್ದಿ ಮಾಡಾಕತ್ತಾಳ್ರಿ. ಅಲ್ಲಿಗೆ ಬಂದ್ರ ಮತ್ತ ಬಾಗಿಲದ ಸಪ್ಪಳ ಕೇಳಕೋತ ಕುಂದ್ರತಾಳ."

ದಿನವೂ ನಿಮಗಾಗಿ ಜಪ ಮಾಡಿದ್ದೇನೆ ಎಂದೆ. ಹೇಳಿದ ಮೇಲೆ ಆ ಮಾತು ನನ್ನ ಕಿವಿಗೇ ಕೊಟ್ಟ ಸಾಲ ತಿರುಗಿ ಕೇಳಿದಂತೆ ಕೇಳಿಸಿತು.

"ಗೊತ್ತೈತ್ರಿ. ಆದ್ರ ತಿರುಗಿ ಕಳಸು ಅಂತ ಬೇಡಬ್ಯಾಡ್ರಿ. ಇಲ್ಲೇ ಕಾಲೂರಲಿ ಅಂತ ಬೇಡ್ರಿ."

ಕೀಲಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ದೋಣಿಯಲ್ಲಿ ಜಪಮಾಲೆ ಹಿಡಿದರೆ ಮೊದಲ ಮಣಿಯಿಂದ ಬೆರಳು ಮುಂದೆ ಸರಿಯಲಿಲ್ಲ. ವರ್ಷವೆಲ್ಲ ಬೇಡಿದ್ದನ್ನು ಬಿಟ್ಟು ಬೇರೊಂದನ್ನು ಬೇಡುವುದು, ಮನೆ ಬದಲಿಸಿದಷ್ಟೇ ದಣಿವಿನ ಕೆಲಸ. ಆದರೂ ಈಚೆ ದಂಡೆ ಮುಟ್ಟುವುದರೊಳಗೆ, ಅವರ ಕಾಲು ಅಲ್ಲೇ ಊರಲಿ ಎಂದು ಒಮ್ಮೆ ಅಂದೆ.

ಹೊತ್ತು ಮುಳುಗುವಾಗ ಓಣಿ ಸೇರಿದೆ. ಗಾಡಿಯ ಸದ್ದಿಗೆ ಖೈರುನ್‌ಬಿ ಅಗಳಿ ತೆಗೆದು ಕಸಬರಿಗೆ ಹಿಡಿದು ಹೊರಬಂದಳು. ನಾನೊಬ್ಬಳೇ ಇಳಿದದ್ದನ್ನು ನೋಡಿದಳು. ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿರುವಾಗಲೇ ಬಗ್ಗಿ ನೀಲವ್ವನ ಅಂಗಳ ಗುಡಿಸತೊಡಗಿದಳು.

"ಕೋಳಿ ರಂಗೋಲಿ ಕೆದರಿ ಹಾಕ್ಯಾವ್ರಿ ಬಾಯಿ," ಎಂದಳು ತಲೆ ಎತ್ತದೆ. "ನಾಳಿಗಿ ಒಂದೀಟು ದೊಡ್ಡದು ಹಾಕ್ರಿ."