ಗರಿ ಕೇಳಿಕೊಂಡು ಬರುತ್ತಿದ್ದ ಮೊಸುಕೆ

ಮೊಸುಕೆ ಯಾವ ಕೆಲಸಕ್ಕೂ ಸುಮ್ಮನೆ ಕೈ ಹಾಕುವವನಲ್ಲ. ನನ್ನ ತೋಫು ಅಂಗಡಿಗೆ ಬಂದರೂ ಅಷ್ಟೇ. ಒಂದೇ ಅಚ್ಚಿನಿಂದ ಇಳಿದ ತುಂಡುಗಳು ನೀರಿನ ತೊಟ್ಟಿಯಲ್ಲಿ ಕೂತಿದ್ದರೆ ಅವುಗಳಲ್ಲಿ ಒಳ್ಳೆಯದು ಯಾವುದೆಂದು ಬಗ್ಗಿ ನೋಡುತ್ತಾ ನಿಲ್ಲುತ್ತಿದ್ದ.

"ಎಲ್ಲಾ ಒಂದೇ ತಾಯಿ ಮಕ್ಕಳು ಕಣೋ. ಯಾವುದಾದ್ರೂ ತಗೊಂಡು ಹೊರಡು," ಎಂದು ನಾನು ರೇಗುತ್ತಿದ್ದೆ.

ಅವನ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಚಳಿಗಾಲದಲ್ಲಿ ಇದ್ದಿಲು ಸುಡುತ್ತಿದ್ದ. ಮಾರ್ಚ್ ಹುಟ್ಟಿದ ಮೇಲೆ ಕುರೊದಾನಿ ಹೊಳೆಯಲ್ಲಿ ಯಮಾಮೆ ಮೀನು ಹಿಡಿದು ಕೆಳಗಿನ ಬಿಸಿನೀರ ಬುಗ್ಗೆಯ ಛತ್ರಕ್ಕೆ ಕೊಡುತ್ತಿದ್ದ. ಎರೆಹುಳು ಚುಚ್ಚಿ ಹಿಡಿಯುವುದೆಂದರೆ ಅವನಿಗೆ ಅವಮಾನ. ಗಾಳಕ್ಕೆ ದಾರ, ಗರಿ ಸುತ್ತಿ ತಾನೇ ಹುಸಿನೊಣ ಕಟ್ಟುತ್ತಿದ್ದ. ಆ ವಿಷಯ ಎತ್ತಿದರೆ ಮಾತ್ರ ಈ ಮೂಕನಿಗೂ ಬಾಯಿ ಬರುತ್ತಿತ್ತು.

"ಹಿಮ ಕರಗೋ ಕಾಲದಲ್ಲಿ ಮೀನು ಆಗಷ್ಟೇ ಎದ್ದು ಮುಖ ತೊಳೀದೇ ಕೂತಿರುತ್ತೆ. ಮೇಲಕ್ಕೆ ಬಾ ಅಂದ್ರೆ ಬರಲ್ಲ. ಮಡುವಿನ ತಳಕ್ಕೆ, ಅದರ ಬಾಯಿ ಹತ್ತಿರಕ್ಕೆ ನಾವೇ ಊಟ ತಗೊಂಡು ಹೋಗ್ಬೇಕು. ಹಿಮದ ಮೇಲೆ ಹರಿದಾಡ್ತಾವಲ್ಲ ಕರೀ ಹುಳ, ಅಷ್ಟೇ ಸಣ್ಣದು, ಅಷ್ಟೇ ಕಪ್ಪಗಿರೋದು. ಬಣ್ಣಬಣ್ಣದ್ದೆಲ್ಲ ಬೇಸಿಗೆಗೆ ಇರ್ಲಿ."

"ಬಸುರಿ ಸೊಸೆಗೂ ಇಷ್ಟು ಉಪಚಾರ ಮಾಡೋರಿಲ್ಲ ಬಿಡು," ಅನ್ನುತ್ತಿದ್ದರು ನಮ್ಮ ಯಜಮಾನರು.

ನೊಣದ ಮೈಗೆ ಬೇಕಾದ ನಾರು ಕಾಡಿನಲ್ಲೇ ಸಿಗುತ್ತಿತ್ತು. ಜರೀಗಿಡದ ಎಳೆ ಸುರುಳಿಯ ಮೇಲಿನ ಕಂದು ಉಣ್ಣೆಯನ್ನು ಬಿಡಿಸಿ ಒಣಗಿಸಿಟ್ಟುಕೊಳ್ಳುತ್ತಿದ್ದ. ತೊಡಕಾದದ್ದು ಗರಿಗೆ. ಗರಿಯ ಎಳೆಗಳು ಮುಂದಕ್ಕೆ ಬಾಗಿರಬೇಕು, ದಾರ ಜಗ್ಗಿದರೆ ಮುಚ್ಚಿ, ಬಿಟ್ಟರೆ ಅರಳಬೇಕು. ಉಸಿರಾಡುವ ಹುಳವೆಂದು ಮೀನು ನಂಬಬೇಕು. ಅಷ್ಟು ಮೆತ್ತನೆಯ, ಅಂಚಿಗೆ ಮಸಿ ತಾಗಿದಂಥ ಗರಿ ಇಡೀ ಕಣಿವೆಯಲ್ಲಿ ಒಂದೇ ಕಡೆ ಇದೆಯೆಂದು ಮೊಸುಕೆ ತೀರ್ಮಾನಿಸಿದ್ದ. ಅದು ಸೇತುವೆಯಾಚೆಯ ಯೋನೆಯ ಹುಂಜ ತೈಶೋನ ಕತ್ತಿನ ಬುಡದಲ್ಲಿತ್ತು.

ಯೋನೆ ವಿಧವೆ. ನೇರ ಮಾತು, ಗಟ್ಟಿ ಕೈ. ಮೊಸುಕೆ ಮೊದಲ ಸಲ ಬಾಗಿಲಲ್ಲಿ ನಿಂತಾಗ, "ಗರಿ ಬೇಕಾ? ಮೊದಲು ಆ ಸೌದೆ ಒಡಿ," ಎಂದಳಂತೆ. ಒಡೆದ. ಎರಡು ಗರಿ ಸಿಕ್ಕಿತು. ವಾರ ಬಿಟ್ಟು ಮತ್ತೆ ಹೋದ, ಮಾಡಿನ ಹಿಮ ಸರಿಸಿದ. ಮತ್ತೆ ಎರಡು ಗರಿ. ಹೀಗೇ ಆರು ಚಳಿಗಾಲ ನಡೆಯಿತು. ಅವನನ್ನು ಕಂಡರೆ ತೈಶೋ ಅಟ್ಟದ ಮೇಲೆ ಹಾರಿ ಕೂರುತ್ತಿತ್ತು.

"ಒಂದೇ ಸಲ ಒಂದು ಹಿಡಿ ಕಿತ್ಕೊಂಡು ಬರಬಾರದೇನೋ?" ಎಂದು ನಾನು ಕೇಳಿದೆ.

"ಪಾಪ, ಹುಂಜಕ್ಕೆ ಚಳಿಯಾಗಲ್ವಾ ಅಕ್ಕಾ?"

"ಹುಂಜಕ್ಕೆ ಚಳಿ, ನಿನಗೇನು ಸೆಖೆಯೋ? ಕಿವಿ ಯಾಕೆ ಕೆಂಪಾಗಿದೆ?"

ತೋಫು ತೆಗೆದುಕೊಳ್ಳುವುದನ್ನೂ ಮರೆತು ಹೊರಟುಹೋದ.

ಆರನೆಯ ಚಳಿಗಾಲ, ಫೆಬ್ರವರಿ ಕೊನೆಯಲ್ಲಿ ಕಾಡಿನ ಮರಬೆಕ್ಕೊಂದು ಯೋನೆಯ ಗೂಡಿಗೆ ನುಗ್ಗಿ ತೈಶೋನನ್ನು ಕೊಂದಿತು. ಅವಳು ಕೋಲು ಹಿಡಿದು ಓಡಿಬಂದದ್ದರಿಂದ ಹೊತ್ತೊಯ್ಯಲಾಗಲಿಲ್ಲ, ಅಷ್ಟೇ. ಮಾರನೆಯ ಬೆಳಿಗ್ಗೆ ಯೋನೆ ನಮ್ಮ ಅಂಗಡಿಗೆ ಬಂದಳು. ಮೊಸುಕೆ ತೊಟ್ಟಿಯ ಮೇಲೆ ಬಗ್ಗಿದ್ದ. ಅವನ ಕೈಗೆ ಒಂದು ಗಂಟು ತುರುಕಿದಳು.

"ತಗೋ. ಅವನ ಗರಿ ಅಷ್ಟೂ ಇದರಲ್ಲಿದೆ. ನೀನು ಸಾಯೋವರೆಗೂ ಸಾಕು. ಇನ್ನು ಹಿಮದಲ್ಲಿ ಕಾಲೆಳ್ಕೊಂಡು ಬರೋ ಕಷ್ಟ ಇಲ್ಲ ನಿನಗೆ."

ಬೇರೆ ಯಾವ ಮೀನುಗಾರನಾದರೂ ಕುಣಿದಾಡುತ್ತಿದ್ದ. ಮೊಸುಕೆ ಆ ಗಂಟನ್ನು ಸತ್ತ ನೆಂಟನ ಬೂದಿಯಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ. ಮೂರು ದಿನ ಹೊರಗೆ ಕಾಣಲಿಲ್ಲ. ಒಲೆಯ ಮುಂದೆ ಕೂತು ನೊಣ ಕಟ್ಟಿದ್ದೇ ಕಟ್ಟಿದ್ದಂತೆ. ಕಡೆಗೆ ನಾನೇ ಹೋಗಿ ಬೈದೆ.

"ಗರಿ ಕೇಳೋದು ಮುಗೀತು ಅಂತ ಹೆಂಗಸೂ ಮುಗಿದುಹೋದ್ಲೇನೋ? ಎದ್ದು ಹೋಗೋ!"

"ಏನಂತ ಹೋಗ್ಲಿ ಅಕ್ಕಾ? ಒಂದು ಕಾರಣ ಬೇಡ್ವಾ?"

ಕಾರಣ ಅವನೇ ಹುಡುಕಿಕೊಂಡ. ಹೊಸದಾಗಿ ಕಟ್ಟಿದ ನೊಣವೊಂದನ್ನು ಅಂಗೈಯಲ್ಲಿಟ್ಟುಕೊಂಡು ಯೋನೆಯ ಬಾಗಿಲಿಗೆ ಹೋದ. ಮುಂದಿನದನ್ನು ಇಬ್ಬರೂ ಬೇರೆ ಬೇರೆಯಾಗಿ ಬಂದು ನನಗೆ ಹೇಳಿದ್ದಾರೆ. ಯೋನೆ ಹೇಳಿದ್ದರಲ್ಲಿ ಮಾತು ಜಾಸ್ತಿ ಇರುವುದರಿಂದ ನಾನು ಅದನ್ನೇ ನಂಬಿದ್ದೇನೆ.

"ಸರಿಯಾಗಿದೆಯಾ ನೋಡು," ಎಂದನಂತೆ.

"ನಾನೇನು ಮೀನೇ? ತೊಲೆಗೆ ಅಂಟಿದ ಮಸಿ ಥರ ಕಾಣ್ತಿದೆ. ನೀರಲ್ಲಿ ತೋರ್ಸು, ಹೇಳ್ತೀನಿ."

ಮೀನು ಹಿಡಿಯಲು ಅನುಮತಿ ಸಿಗುವ ಮೊದಲ ದಿನ ಇಬ್ಬರೂ ಹೊಳೆಗೆ ಹೋದರು. ಅವಳಿಗೆ ಹುಲ್ಲಿನ ಹಿಮಬೂಟು, ತಲೆಗೆ ನೀಲಿ ಬಟ್ಟೆ. ದಡದಲ್ಲಿ ಮೊಣಕಾಲುದ್ದ ಹಿಮ; ನಡುವೆ ನೀರು ಹಸಿರಾಗಿ ಹರಿಯುತ್ತಿತ್ತು. ಮೊಸುಕೆ ಮರದ ಡಬ್ಬಿ ತೆರೆದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದ, ಇಟ್ಟ. ಇನ್ನೊಂದನ್ನು ಎತ್ತಿದ, ನೀರು ನೋಡಿದ, ಅದನ್ನೂ ಇಟ್ಟ.

"ನೀನು ಆರಿಸೋ ಹೊತ್ತಿಗೆ ಆ ಮೀನು ಮೊಮ್ಮಕ್ಕಳ ಮದುವೆ ಮುಗಿಸಿರುತ್ತೆ," ಎಂದಳು ಯೋನೆ.

"ದುಡುಕಬಾರದು."

"ಆರು ವರ್ಷದಿಂದ ದುಡುಕದೇ ಇದ್ದೀಯಲ್ಲ, ಸಾಲದಾ?"

ಮೊಸುಕೆ ಡಬ್ಬಿಗೆ ಕೈ ಹಾಕಿದ. ಸಿಕ್ಕಿದ ನೊಣವನ್ನು ಕಟ್ಟಿ, ಹಿಂದೆ ಮುಂದೆ ನೋಡದೆ ಕೋಲು ಬೀಸಿದ. ನಲವತ್ತು ವರ್ಷ ಮೀನು ಹಿಡಿದವನ ಗಾಳ ಹಿಂದೆ ನಿಂತಿದ್ದವಳ ತಲೆಬಟ್ಟೆಗೆ ಹೋಗಿ ಕಚ್ಚಿತು.

"ಅಲ್ಲಾಡ್ಬೇಡ, ಅಲ್ಲಾಡ್ಬೇಡ!"

"ಕಟ್ಟಿಹಾಕಿದ ಮೇಲೆ ಎಲ್ಲಿಗೆ ಓಡ್ಲಿ?"

ಬಿಡಿಸಲು ಬಹಳ ಹೊತ್ತೇ ಹಿಡಿಯಿತು. ಯೋನೆ ಹೇಳುವಂತೆ, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಗಾಳ ಕೈಗೆ ಬಂದ ಮೇಲೂ ಅವನು ಅಲ್ಲೇ ನಿಂತಿದ್ದ.

"ನಮ್ಮನೇಗೆ ಬಂದುಬಿಡ್ತೀಯಾ?" ಎಂದು ಕೇಳಿದ.

"ನಿನ್ನ ಮನೆ ಮಾಡು ಸೋರುತ್ತೆ. ನೀನೇ ಬಾ."

ಅದಾದ ಮೇಲೆ ಅವನು ನೆಟ್ಟಗೆ ಬೀಸಿದ. ಅದೇ ಮಸಿಬಣ್ಣದ ಸಣ್ಣ ನೊಣ ಮಡುವಿನ ಕೊನೆಯಲ್ಲಿ ತಳಕ್ಕಿಳಿದು, ಬಂಡೆಯ ನೆರಳಲ್ಲಿ ನಿಂತು, ಒಮ್ಮೆ ಉಸಿರಾಡಿತು. ದಾರ ಬಿಗಿಯಾಯಿತು. ಪಕ್ಕೆಯ ತುಂಬ ಹೆಬ್ಬೆರಳೊತ್ತಿದಂಥ ಕಲೆಗಳಿದ್ದ ಯಮಾಮೆ, ಚಳಿಗಾಲ ಕಳೆದು ಬಡಕಲಾಗಿತ್ತು. ಉಪ್ಪು ಸವರಿ ಅಲ್ಲೇ ಬೆಂಕಿಯಲ್ಲಿ ಸುಟ್ಟು ಇಬ್ಬರೂ ತಿಂದರಂತೆ. ಅವತ್ತು ಛತ್ರಕ್ಕೆ ಮೀನು ಹೋಗಲಿಲ್ಲ.

ಚೆರಿ ಹೂ ಬಿಡುವ ಹೊತ್ತಿಗೆ ಮೊಸುಕೆ ಹಾಸಿಗೆ, ಬಾಣಲೆ, ಡಬ್ಬಿಗಳನ್ನು ಹೊತ್ತು ಸೇತುವೆ ದಾಟಿದ. ಊರವರೆಲ್ಲ, "ಅಂತೂ ಒಂದು ದೊಡ್ಡ ಮೀನು ಹಿಡಿದ," ಎಂದು ನಕ್ಕರು. ಯೋನೆ ಬಿಡುವವಳೇ?

"ನಾನು ಮೀನಾಗಿದ್ರೆ ಅವನ ಕೈಗೆ ಸಿಗ್ತಾನೇ ಇರ್ಲಿಲ್ಲ. ಅವನು ಆರಿಸ್ತಾ ಕೂತಿರೋವಾಗಲೇ ಸಮುದ್ರ ಸೇರಿಬಿಡ್ತಿದ್ದೆ," ಎಂದಳು.

ಈಗ ಬೆಳಿಗ್ಗೆ ಹೊಳೆಗೆ ಹೊರಡುವಾಗ ಡಬ್ಬಿಯೊಳಗೆ ಕೈ ಹಾಕುವವಳು ಅವಳೇ. ನೋಡದೆ ಒಂದನ್ನು ಎತ್ತಿ, "ಇದು ಹಾಕು, ನಡಿ," ಅನ್ನುತ್ತಾಳೆ. ಅವನು ಗೊಣಗುತ್ತಾ ಅದನ್ನೇ ಕಟ್ಟಿಕೊಳ್ಳುತ್ತಾನೆ. ಮೀನು ಕಡಿಮೆಯಾಗಿಲ್ಲ ಎಂದು ಛತ್ರದವರು ಹೇಳುತ್ತಾರೆ; ಜಾಸ್ತಿಯಾಗಿದೆ ಎಂದು ಯೋನೆ. ಮೊಸುಕೆಯನ್ನು ಕೇಳಿದರೆ, ಈಚೆಗೆ ನೀರು ಚೆನ್ನಾಗಿದೆ ಅನ್ನುತ್ತಾನೆ.